ಕೋಶದಿಂದ ಹೊರಬರುವ ಹೊಳೆಯುವ ಪ್ರೋಟೀನ್: ಅಂಕಿ ಏರುತ್ತಲೇ ಇದೆ, ಜೀನ್ ನಿಜವಾಗಿ ಏನು ಮಾಡುತ್ತಿದೆ?

ಪ್ರಶ್ನೆ: ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿನಿ. ಊರು ತೀರ್ಥಹಳ್ಳಿ ಕಡೆ. ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಚೊಗರು ಮನುಷ್ಯನ ಜೀವಕೋಶಗಳಲ್ಲಿ ಉರಿಯೂತಕ್ಕೆ ಸಂಬಂಧಿಸಿದ ಜೀನ್‌ಗಳನ್ನು ತಗ್ಗಿಸುತ್ತದೆಯೋ ಕೆರಳಿಸುತ್ತದೆಯೋ ಎಂಬುದು ನನ್ನ ಸಂಶೋಧನೆಯ ವಿಷಯ. ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಅನುಮತಿ ಪಡೆದು, ಎಚ್‌ಇಕೆ 293 ಎಂಬ, ಪ್ರಯೋಗಾಲಯದಲ್ಲಿ ಬೆಳೆಸುವ ಮನುಷ್ಯನ ಕೋಶಗಳಲ್ಲಿ ಎನ್‌ಎಫ್-ಕಾಪಾಬಿ ಎಂಬ ನಿಯಂತ್ರಕ ಪ್ರೋಟೀನ್ ಬಂದು ಕೂರುವ ಐದು ತಾಣಗಳಿರುವ ಪ್ರೊಮೋಟರ್‌ನ (ಜೀನನ್ನು ಚಾಲೂ ಮಾಡುವ ಡಿಎನ್‌ಎ ತುಣುಕಿನ) ಮುಂದೆ ಹಸಿರಾಗಿ ಹೊಳೆಯುವ ಇಜಿಎಫ್‌ಪಿ ಎಂಬ ಪ್ರೋಟೀನಿನ ಜೀನನ್ನು ಇಟ್ಟಿದ್ದೇವೆ. ಈ ಹೊಳೆಯುವ ಪ್ರೋಟೀನಿನ ತಲೆಗೆ ಇಂಟರ್‌ಲ್ಯೂಕಿನ್-2ರ ಸಿಗ್ನಲ್ ಪೆಪ್ಟೈಡ್ ಎಂಬ, ಹೊರಗೆ ಕಳುಹಿಸುವ ಗುರುತಿನ ತುಣುಕನ್ನು ಜೋಡಿಸಿರುವುದರಿಂದ ಅದು ಕೋಶದೊಳಗೆ ಉಳಿಯದೆ ಹೊರಗಿನ ಮೀಡಿಯಂಗೆ, ಅಂದರೆ ಕೋಶಗಳು ಬೆಳೆಯುವ ಪೋಷಕ ದ್ರವಕ್ಕೆ, ಬರುತ್ತದೆ. ಕೋಶಗಳನ್ನು ಒಡೆಯದೆ, ಒಂದೇ ತಟ್ಟೆಯ ಅದೇ ಕೋಶಗಳನ್ನು ಐದು ದಿನ ಗಮನಿಸಬಹುದು ಎಂಬ ಆಸೆಯಿಂದಲೇ ಈ ದಾರಿ ಹಿಡಿದೆವು.

ನಾನು ಮಾಡುವುದು ಇಷ್ಟು. 24 ಗುಳಿಗಳ ತಟ್ಟೆಯಲ್ಲಿ ಪ್ರತಿ ಗುಳಿಗೆ 1 ಮಿಲಿಲೀಟರ್ ಮೀಡಿಯಂ ಹಾಕಿ, ಉರಿಯೂತ ಕೆರಳಿಸುವ ಟಿಎನ್‌ಎಫ್-ಆಲ್ಫಾ ಎಂಬ ಪ್ರೋಟೀನ್ ಸೇರಿಸಿ ಜೀನನ್ನು ಕೆರಳಿಸುತ್ತೇನೆ. ಕೆಲವು ಗುಳಿಗಳಿಗೆ ಸೋಸಿ ಶುದ್ಧಗೊಳಿಸಿದ ಚೊಗರನ್ನೂ ಸೇರಿಸುತ್ತೇನೆ. ದಿನಕ್ಕೆ ಎರಡು ಬಾರಿ 50 ಮೈಕ್ರೋಲೀಟರ್ ಮೀಡಿಯಂ ತೆಗೆದು ಪ್ಲೇಟ್ ರೀಡರ್‌ನಲ್ಲಿ ಓದಿ, ತೆಗೆದಷ್ಟೇ ಹೊಸ ಮೀಡಿಯಂ ಸೇರಿಸುತ್ತೇನೆ.

ಮೂರು ಸಂಗತಿಗಳು ತಲೆ ಕೆಡಿಸಿವೆ. ಟಿಎನ್‌ಎಫ್‌ಗೆ ಎನ್‌ಎಫ್-ಕಾಪಾಬಿ ಕೊಡುವ ಪ್ರತಿಕ್ರಿಯೆ ಮೊದಲ ಕೆಲವು ಗಂಟೆಗಳಲ್ಲೇ ಏರಿ, ತಾನೇ ಹುಟ್ಟಿಸಿದ ಐಕಾಪಾಬಿ-ಆಲ್ಫಾ ಎಂಬ ತಡೆ ಪ್ರೋಟೀನಿನಿಂದ ಅಡಗಿ, ಇಳಿಯಬೇಕು ಎಂದು ಓದಿದ್ದೇನೆ; ನನ್ನ ಅಂಕಿ ಮಾತ್ರ ಮೂರನೆಯ ದಿನವೂ ಏರುತ್ತಲೇ ಇದೆ. ಎರಡನೆಯದಾಗಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶಗಳ ಒಳಗೇ ಕೇಂದ್ರದ ಸುತ್ತ ಬಲೆಯಂತೆ ಹಸಿರು ಕಾಣುತ್ತದೆ, ಅಂದರೆ ಬರಬೇಕಾದ ಪ್ರೋಟೀನೆಲ್ಲ ಹೊರಗೆ ಬರುತ್ತಿಲ್ಲ. ಮೂರನೆಯದು ಸಂತೋಷದ ಸುದ್ದಿ ಎಂದುಕೊಂಡಿದ್ದೆ: ಚೊಗರು ಹಾಕಿದ ಗುಳಿಗಳಲ್ಲಿ ಹೊಳಪು ಸ್ಪಷ್ಟವಾಗಿ ಕಡಿಮೆ ಇದೆ, ಚೊಗರು ಹೆಚ್ಚಿದಷ್ಟೂ ಹೊಳಪು ಇನ್ನೂ ತಗ್ಗುತ್ತದೆ. ಮಾರ್ಗದರ್ಶಕರು ಇದನ್ನು ಒಂದು ಸಮ್ಮೇಳನಕ್ಕೆ ಕಳುಹಿಸೋಣ ಎನ್ನುತ್ತಿದ್ದಾರೆ. ಆದರೆ ಕಡಿಮೆಯಾದ ರೇಖೆ ತೀರಾ ಚಂದವಾಗಿ ಬಂದಿರುವುದೇ ನನಗೆ ಅನುಮಾನ ತಂದಿದೆ. ಅನುಭವವುಳ್ಳವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಉತ್ತರ: ಹಿನ್ನೀರು

ನಮಸ್ಕಾರ. ನಾನು ಸಾಗರದವನು, ಈಗ ಬೆಂಗಳೂರಿನಲ್ಲಿ ಜೀವಕೋಶಗಳೊಂದಿಗೇ ಕೆಲಸ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ನಮ್ಮ ಕಡೆಯವರು ಮಳೆಗಾಲದಲ್ಲಿ ದಿನವೂ ಬೆಳಿಗ್ಗೆ ಪತ್ರಿಕೆಯಲ್ಲಿ ಓದುವ ಸುದ್ದಿಯಲ್ಲೇ ಇದೆ. ಲಿಂಗನಮಕ್ಕಿಯ ಬಗ್ಗೆ ಅಲ್ಲಿ ಎರಡು ಅಂಕಿಗಳು ಬರುತ್ತವೆ: ಜಲಾಶಯದ ಮಟ್ಟ ಇಷ್ಟು ಅಡಿ, ಒಳಹರಿವು ಇಷ್ಟು ಕ್ಯುಸೆಕ್. ಗರಿಷ್ಠ ಮಟ್ಟ 1819 ಅಡಿ. ಮಳೆ ಕಡಿಮೆಯಾಗಿ ಒಳಹರಿವು ಅರ್ಧಕ್ಕೆ ಇಳಿದ ದಿನವೂ, ಹೊರಗೆ ಬಿಡುವ ನೀರು ಅದಕ್ಕಿಂತ ಕಡಿಮೆ ಇದ್ದರೆ, ಮಟ್ಟ ಏರುತ್ತಲೇ ಇರುತ್ತದೆ. ಮಟ್ಟ ಏರಿದ್ದನ್ನು ನೋಡಿ ಇವತ್ತು ಜೋರು ಮಳೆ ಎಂದು ಹೇಳುವವರನ್ನು ನಮ್ಮೂರಿನಲ್ಲಿ ಯಾರೂ ನಂಬುವುದಿಲ್ಲ.

ನೀವು ಓದುತ್ತಿರುವುದು ಮಟ್ಟವನ್ನು. ನಿಮಗೆ ಬೇಕಿರುವುದು ಒಳಹರಿವು. ಕೋಶದೊಳಗೇ ಉಳಿಯುವ ಸಾಮಾನ್ಯ ಇಜಿಎಫ್‌ಪಿಯದೂ ಸ್ವಲ್ಪ ಇದೇ ತೊಂದರೆ, ಏಕೆಂದರೆ ಸಸ್ತನಿಗಳ ಕೋಶದಲ್ಲಿ ಅದರ ಅರ್ಧಾಯುಷ್ಯ ಸುಮಾರು 26 ಗಂಟೆ. ಅದಕ್ಕಾಗಿಯೇ ಇಲಿಯ ಆರ್ನಿಥಿನ್ ಡೀಕಾರ್ಬಾಕ್ಸಿಲೇಸ್ ಎಂಬ ಪ್ರೋಟೀನಿನ ಬಾಲವನ್ನು ಅದಕ್ಕೆ ಅಂಟಿಸಿ, ಸುಮಾರು 2 ಗಂಟೆಯಲ್ಲಿ ಅರ್ಧ ಕರಗಿಹೋಗುವ ರೂಪವನ್ನು ತಯಾರಿಸಿದರು. ಆದರೆ ಆ ಬಾಲ ಕೆಲಸ ಮಾಡುವುದು ಕೋಶದೊಳಗಿನ ಪ್ರೋಟಿಯಾಸೋಮ್ ಎಂಬ ಯಂತ್ರದಿಂದ. ಮೀಡಿಯಂಗೆ ಬಂದುಬಿಟ್ಟ ಪ್ರೋಟೀನನ್ನು ಕರಗಿಸಲು ಹೊರಗೆ ಅಂಥ ಯಂತ್ರವಿಲ್ಲ. ಜಿಎಫ್‌ಪಿಯಾದರೋ (ಇಜಿಎಫ್‌ಪಿ ಅದರದೇ ಸುಧಾರಿತ ರೂಪ) ಪೀಪಾಯಿಯಂತೆ ಬಿಗಿಯಾಗಿ ಮಡಿಸಿಕೊಂಡ ಗಟ್ಟಿ ಪ್ರೋಟೀನ್, ಪ್ರೋಟೀನನ್ನು ಕತ್ತರಿಸುವ ಪ್ರೋಟಿಯೇಸ್‌ಗಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಹೀಗಾಗಿ ನಿಮ್ಮ ಗುಳಿ ತೂಬು ಮುಚ್ಚಿದ ಕೆರೆಯಂತಾಗಿದೆ. ಜೀನ್ ನಾಲ್ಕು ಗಂಟೆಯಲ್ಲೇ ತಣ್ಣಗಾಗಿರಬಹುದು, ಆಗ ಹುಟ್ಟಿದ ಎಂಆರ್‌ಎನ್‌ಎ (ಜೀನಿನ ನಕಲು) ಇನ್ನೂ ಸ್ವಲ್ಪ ಹೊತ್ತು ಪ್ರೋಟೀನ್ ತಯಾರಿಸುತ್ತಿರುತ್ತದೆ, ತಯಾರಾದದ್ದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ, ಗಾಲ್ಗಿ ಎಂಬ ಕೋಶದೊಳಗಿನ ಸಾಗಣೆ ಕೋಣೆಗಳನ್ನು ದಾಟಿ ಹೊರಬರಲು ಮತ್ತಷ್ಟು ಹೊತ್ತು ಬೇಕು, ಬಂದದ್ದೆಲ್ಲ ಅಲ್ಲೇ ಕೂಡಿಕೊಳ್ಳುತ್ತದೆ.

ಇದನ್ನು ಲೆಕ್ಕದಿಂದ ಬಿಡಿಸಬಹುದು. ಈ ಹೊತ್ತಿನ ಒಟ್ಟು ಪ್ರಮಾಣದಿಂದ ಹಿಂದಿನ ಹೊತ್ತಿನದನ್ನು ಕಳೆದು, ನಡುವೆ ಮಾದರಿಗಾಗಿ ತೆಗೆದದ್ದರಲ್ಲಿದ್ದ ಪ್ರೋಟೀನನ್ನು ಕೂಡಿಸಿ, ಆ ನಡುವಿನ ಗಂಟೆಗಳಿಂದ ಭಾಗಿಸಿದರೆ ಬರುವುದೇ ಒಳಹರಿವು. ಮಾದರಿ ತೆಗೆದದ್ದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಏನಾಗುತ್ತದೆ ನೋಡಿ: ನೀವು ಪ್ರತಿ ಸಲ 1000ದಲ್ಲಿ 50 ಮೈಕ್ರೋಲೀಟರ್ ತೆಗೆದು ಹೊಸದನ್ನು ತುಂಬುತ್ತೀರಿ, ಅಂದರೆ ನೂರಕ್ಕೆ 5 ಭಾಗ ಹೋಗುತ್ತದೆ. ಐದು ದಿನಗಳಲ್ಲಿ ಹತ್ತು ಬಾರಿ ಹೀಗೆ ಮಾಡಿದರೆ ಮೊದಲ ದಿನ ಇದ್ದ ಪ್ರೋಟೀನಿನಲ್ಲಿ ನೂರಕ್ಕೆ 60 ಭಾಗದಷ್ಟೇ ಗುಳಿಯಲ್ಲಿ ಉಳಿದಿರುತ್ತದೆ. ಕೊನೆಯ ದಿನಗಳಲ್ಲಿ ರೇಖೆ ಮಟ್ಟಸವಾದಂತೆ ಕಂಡರೆ ಜೀನ್ ನಿಂತಿತು ಎಂದುಕೊಳ್ಳಬೇಡಿ. ಅದು ನಿಮ್ಮ ಪಿಪೆಟ್ ಕುಡಿದ ನೀರೂ ಆಗಿರಬಹುದು.

ಲೆಕ್ಕಕ್ಕಿಂತ ನನಗೆ ಹಿಡಿಸುವ ದಾರಿ ಬೇರೆ. ಮಳೆಮಾಪಕದ ಡಬ್ಬಿಯನ್ನು ದಿನವೂ ಬೆಳಿಗ್ಗೆ ಅಳೆದು ಬರಿದು ಮಾಡುವಂತೆ, ಗುಳಿಯನ್ನೂ ಖಾಲಿ ಮಾಡಿ. ನಿಗದಿತ ಸಮಯಕ್ಕೆ ಮೀಡಿಯಂ ಪೂರ್ತಿ ತೆಗೆದು, ಬೆಚ್ಚಗಿನ ಹೊಸ ಮೀಡಿಯಂನಿಂದ ಒಮ್ಮೆ ಮೃದುವಾಗಿ ತೊಳೆದು, ಮತ್ತೆ ತುಂಬಿ, ಮೂರೋ ನಾಲ್ಕೋ ಗಂಟೆಯ ನಂತರ ಸಂಗ್ರಹಿಸಿ. ಆ ಕಿಟಕಿಯಲ್ಲಿ ಹೊರಬಂದದ್ದಷ್ಟೇ ನಿಮ್ಮ ಕೈಗೆ ಸಿಗುತ್ತದೆ. ಎಚ್‌ಇಕೆ ಕೋಶಗಳು ತಟ್ಟೆಗೆ ಸಡಿಲವಾಗಿ ಅಂಟಿರುತ್ತವೆ, ಜೋರಾಗಿ ಸುರಿದರೆ ಹಾಳೆ ಹಾಳೆಯಾಗಿ ಎದ್ದುಬಿಡುತ್ತವೆ. ಗುಳಿಯ ಗೋಡೆಗೆ ತಾಗಿಸಿ ಸುರಿಯಬೇಕು, ಪಾಲಿ-ಲೈಸಿನ್ ಸವರಿದ ತಟ್ಟೆಯಾದರೆ ಇನ್ನೂ ಒಳ್ಳೆಯದು. ಇನ್ನೊಂದು ಮಾತು: ಐದು ದಿನಗಳಲ್ಲಿ ಕೋಶಗಳು ಎಷ್ಟೋ ಪಟ್ಟು ಹೆಚ್ಚುತ್ತವೆ. ಮಳೆ ಅಷ್ಟೇ ಇದ್ದರೂ ಜಲಾನಯನ ಪ್ರದೇಶ ದೊಡ್ಡದಾದರೆ ಒಳಹರಿವು ಹೆಚ್ಚುತ್ತದೆ. ಪ್ರತಿ ಹಂತಕ್ಕೂ ಒಂದೆರಡು ಗುಳಿಗಳನ್ನು ಬಲಿ ಕೊಟ್ಟು ಕೋಶಗಳನ್ನು ಎಣಿಸದೆ ಬೇರೆ ದಾರಿಯಿಲ್ಲ.

ಉತ್ತರ: ಹಳೆಯ ಪಿಪೆಟ್

ಹಿನ್ನೀರು ಅವರು ಮೊದಲ ಪ್ರಶ್ನೆಯನ್ನು ಮುಗಿಸಿದ್ದಾರೆ. ನಾನು ಉಳಿದೆರಡಕ್ಕೆ ಬರುತ್ತೇನೆ, ಮೂರನೆಯದೇ ಗಂಭೀರವಾದದ್ದು.

ಮೊದಲು ಒಳಗೆ ಸಿಕ್ಕಿಕೊಂಡ ಹಸಿರಿನ ವಿಚಾರ. ಪ್ರೋಟೀನಿಗೆ ತಾನು ಎಲ್ಲಿಗೆ ಹೋಗಬೇಕೆಂಬ ವಿಳಾಸ ಅದರಲ್ಲೇ ಬರೆದಿರುತ್ತದೆ ಎಂಬುದನ್ನು ತೋರಿಸಿದ್ದಕ್ಕಾಗಿ ಗುಂಟರ್ ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್ ಬಂತು. ನೀವು ಜೋಡಿಸಿರುವ ಸಿಗ್ನಲ್ ಪೆಪ್ಟೈಡ್ ಅಂಥದೊಂದು ವಿಳಾಸದ ಚೀಟಿ. ಅದು ಪ್ರೋಟೀನನ್ನು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ ಒಳಗೆ ತಳ್ಳಿಸಿ, ಅಲ್ಲೇ ಕತ್ತರಿಸಲ್ಪಡುತ್ತದೆ. ತೊಂದರೆ ಏನೆಂದರೆ, ಜಿಎಫ್‌ಪಿ ಹುಟ್ಟಿದ್ದು ಹೀಗೆ ಪಯಣಿಸುವುದಕ್ಕಲ್ಲ. ಒಸಾಮು ಶಿಮೊಮುರಾ 1962ರಲ್ಲಿ ಏಕ್ವೋರಿಯಾ ವಿಕ್ಟೋರಿಯಾ ಎಂಬ ಜೆಲ್ಲಿ ಮೀನಿನಿಂದ ಬೇರ್ಪಡಿಸಿದ, 1994ರಲ್ಲಿ ಮಾರ್ಟಿನ್ ಚಾಲ್ಫಿ ಬ್ಯಾಕ್ಟೀರಿಯಾ ಮತ್ತು ಹುಳುವಿನಲ್ಲಿ ಬೆಳಗಿಸಿ ತೋರಿಸಿದ ಈ ಪ್ರೋಟೀನ್ ಕೋಶರಸದ ವಾತಾವರಣಕ್ಕೆ ಒಗ್ಗಿದ್ದು. ಅದರ 238 ಅಮೈನೋ ಆಮ್ಲಗಳಲ್ಲಿ 48 ಮತ್ತು 70ನೆಯ ಸ್ಥಾನಗಳಲ್ಲಿ ಸಿಸ್ಟೀನ್ ಎಂಬ ಗಂಧಕವಿರುವ ಅಮೈನೋ ಆಮ್ಲ ಇದೆ. ಕೋಶರಸದಲ್ಲಿ ಅವು ತೆಪ್ಪಗಿರುತ್ತವೆ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ ಒಳಗೆ ಡೈಸಲ್ಫೈಡ್ ಬಂಧಗಳನ್ನು ಕಟ್ಟುವ ಉತ್ಕರ್ಷಕ ವಾತಾವರಣವಿರುವುದರಿಂದ, ಮಡಿಕೆ ಮುಗಿಯುವ ಮುನ್ನವೇ ಒಂದು ಅಣುವಿನ ಸಿಸ್ಟೀನ್ ಇನ್ನೊಂದರ ಸಿಸ್ಟೀನಿಗೆ ಕೊಂಡಿ ಹಾಕಿಕೊಂಡು ಒಂದಷ್ಟು ಪ್ರೋಟೀನ್ ಹೊಳೆಯದ ಗಂಟಾಗಿ ಅಲ್ಲೇ ಉಳಿದುಬಿಡುತ್ತದೆ. ಕೇಂದ್ರದ ಸುತ್ತ ಬಲೆಯಂತೆ ಕಾಣುವುದು ಮಡಿಸಿಕೊಂಡು ಹೊಳೆಯುತ್ತಿರುವ, ಆದರೆ ಇನ್ನೂ ಹೊರಡದ ಪಾಲು. ಗಂಟಾದದ್ದು ನಿಮ್ಮ ಕಣ್ಣಿಗೇ ಬೀಳುವುದಿಲ್ಲ.

ಇದಕ್ಕೆ ಪರಿಹಾರವಿದೆ. ಆ ಸಿಸ್ಟೀನ್‌ಗಳನ್ನು ತೆಗೆದುಹಾಕಿ, ಬೇಗ ಗಟ್ಟಿಯಾಗಿ ಮಡಿಸಿಕೊಳ್ಳುವ ಸೂಪರ್‌ಫೋಲ್ಡರ್ ಜಿಎಫ್‌ಪಿಯನ್ನು ಆಧಾರವಾಗಿಟ್ಟುಕೊಂಡು ರೂಪಿಸಿದ ಮಾಕ್ಸ್‌ಜಿಎಫ್‌ಪಿ 2015ರಿಂದ ಇದೆ. ನನ್ನನ್ನು ಕೇಳಿದರೆ ನೀವು ಕೆಂಪಿಗೆ ಹೋಗಿ. ಡಿಸ್ಕೋಸೋಮಾ ಎಂಬ ಹವಳದ ಸಂಬಂಧಿಯಿಂದ ಬಂದ ಎಮ್‌ಚೆರ್ರಿಯಲ್ಲಿ ಒಂದೂ ಸಿಸ್ಟೀನ್ ಇಲ್ಲ. ಆಮ್ಲೀಯತೆಗೂ ಅದು ಅಂಜುವುದಿಲ್ಲ. ಇಜಿಎಫ್‌ಪಿಯ ಹೊಳಪು ಪಿಎಚ್ 6ರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ, ಎಮ್‌ಚೆರ್ರಿಯದು 4.5ಕ್ಕಿಂತ ಕೆಳಗೆ ಹೋಗುವವರೆಗೂ ಹಾಗೆ ಇಳಿಯುವುದಿಲ್ಲ. ಐದು ದಿನ ಬೆಳೆದ ಕೋಶಗಳು ಮೀಡಿಯಂ ಅನ್ನು ಹಳದಿಯಾಗಿಸುವಷ್ಟು ಹುಳಿ ಮಾಡುತ್ತವೆ ಎಂಬುದನ್ನು ನೀವೇ ನೋಡಿರುತ್ತೀರಿ. ಯಾವುದನ್ನೇ ಬಳಸಿದರೂ ಓದುವ ಮುನ್ನ ಎಲ್ಲ ಮಾದರಿಗಳನ್ನೂ ಪಿಎಚ್ 7.4ರ ಒಂದೇ ಬಫರ್‌ನಲ್ಲಿ ತೆಳುಗೊಳಿಸುವುದು ಕ್ಷೇಮ.

ಈಗ ಚೊಗರು. ನಿಮ್ಮ ಅನುಮಾನ ಸರಿಯಾದದ್ದು. ಇಜಿಎಫ್‌ಪಿ ಹೊಳೆಯಬೇಕಾದರೆ 488 ನ್ಯಾನೋಮೀಟರ್‌ನ ನೀಲಿ ಬೆಳಕು ಅದನ್ನು ಮುಟ್ಟಬೇಕು, ಅದು ಸೂಸುವ ಸುಮಾರು 507 ನ್ಯಾನೋಮೀಟರ್‌ನ ಹಸಿರು ಬೆಳಕು ಯಂತ್ರದ ಕಣ್ಣಿಗೆ ತಲುಪಬೇಕು. ಚೊಗರು ಕೆಂಪು ಕಂದಾಗಿ ಕಾಣುವುದೇ ಅದು ನೀಲಿ ಹಸಿರನ್ನು ನುಂಗುವುದರಿಂದ. ಹೋಗುವ ಬೆಳಕನ್ನೂ ಬರುವ ಬೆಳಕನ್ನೂ ಎರಡು ಕಡೆಯಿಂದ ಕತ್ತರಿಸುವ ಇಂಥ ದ್ರವದಲ್ಲಿ ಪ್ರೋಟೀನ್ ಇದ್ದಷ್ಟೇ ಇದ್ದರೂ ಅಂಕಿ ಇಳಿಯುತ್ತದೆ. ಇದಕ್ಕೆ ಇನ್ನರ್ ಫಿಲ್ಟರ್ ಪರಿಣಾಮ ಎನ್ನುತ್ತಾರೆ. ದ್ರವದ ಅಬ್ಸಾರ್ಬೆನ್ಸ್, ಅಂದರೆ ಬೆಳಕು ನುಂಗುವ ಅಳತೆ, 0.3 ಇದ್ದರೆ ಸಾಕು, ಒಂದು ಬದಿಯಿಂದ ಬಿಟ್ಟ ಬೆಳಕಿನಲ್ಲಿ ಅರ್ಧ ಮಾತ್ರ ಆಚೆ ಬದಿಗೆ ಹೋಗುತ್ತದೆ. ಚೊಗರು ಹೆಚ್ಚಿದಷ್ಟೂ ಅಂಕಿ ಇಳಿಯುವ ನಿಮ್ಮ ಚಂದದ ರೇಖೆ ಜೀನಿನದಲ್ಲ, ಬಣ್ಣದ್ದಿರಬಹುದು. ಅಡಿಕೆ ಸುಲಿದವರ ಬೆರಳಿನ ಕಪ್ಪು ವಾರಗಟ್ಟಲೆ ಹೋಗುವುದಿಲ್ಲ ಎಂಬುದು ನಿಮ್ಮ ಮನೆಯವರಿಗೇ ಗೊತ್ತು. ಚೊಗರಿನ ಟ್ಯಾನಿನ್ ಪ್ರೋಟೀನಿಗೆ ಅಷ್ಟು ಗಟ್ಟಿಯಾಗಿ ಅಂಟುವುದರಿಂದ, ಅದು ಹೊರಬಂದ ಪ್ರೋಟೀನನ್ನು ಒಟ್ಟುಗೂಡಿಸಿ ತಳಕ್ಕೆ ಇಳಿಸುವ ಸಾಧ್ಯತೆಯೂ ಇದೆ.

ಪರೀಕ್ಷೆ ಹತ್ತು ನಿಮಿಷದ್ದು. ಚೊಗರು ಕಾಣದ, ಟಿಎನ್‌ಎಫ್‌ನಿಂದ ಚೆನ್ನಾಗಿ ಹೊಳೆಯುತ್ತಿರುವ ಗುಳಿಗಳ ಮೀಡಿಯಂ ಸಂಗ್ರಹಿಸಿ, ಕೋಶಗಳಿಂದ ಬೇರ್ಪಡಿಸಿ. ಅದರ ಒಂದು ಪಾಲಿಗೆ ಬರೀ ನೀರನ್ನು, ಇನ್ನೊಂದು ಪಾಲಿಗೆ ನಿಮ್ಮ ಪ್ರಯೋಗದ ಪ್ರಮಾಣದಲ್ಲೇ ಚೊಗರನ್ನು ಸೇರಿಸಿ ತಕ್ಷಣ ಓದಿ. ಅಲ್ಲಿ ಕೋಶವೂ ಇಲ್ಲ, ಜೀನೂ ಇಲ್ಲ. ಇಳಿದರೆ ಅಪರಾಧಿ ಯಾರು ಎಂಬುದು ನಿಮಗೇ ತಿಳಿಯುತ್ತದೆ. ಅಬ್ಸಾರ್ಬೆನ್ಸ್ ಅಳೆದು ಲೆಕ್ಕದಿಂದ ಸರಿಪಡಿಸುವ ಸೂತ್ರಗಳಿವೆ. ಬಣ್ಣ ತೆಳುವಾಗಿದ್ದಾಗ ಅವು ಸರಿ, ಗಾಢವಾದಾಗ ನಾನು ನೆಚ್ಚುವುದಿಲ್ಲ.

ತುಂಗಾತೀರ

ಇಬ್ಬರಿಗೂ ಕೃತಜ್ಞತೆಗಳು. ಹಳೆಯ ಪಿಪೆಟ್ ಅವರು ಹೇಳಿದ ಪರೀಕ್ಷೆಯನ್ನು ನಿನ್ನೆ ಮಾಡಿದೆ. ಎರಡು ಪುಟ್ಟ ನಳಿಕೆಗಳನ್ನು ಅಕ್ಕಪಕ್ಕ ಇಟ್ಟು, ಒಂದಕ್ಕೆ ನೀರು, ಇನ್ನೊಂದಕ್ಕೆ ಚೊಗರು ಹಾಕಿದಾಗ ಬರಿಗಣ್ಣಿಗೇ ವ್ಯತ್ಯಾಸ ಕಂಡಿತು: ಚೊಗರಿನ ನಳಿಕೆ ಮೊದಲ ಕ್ಷಣ ಹುಣಸೆ ನೀರಿನ ಬಣ್ಣಕ್ಕೆ ತಿರುಗಿತು, ಐದು ನಿಮಿಷದಲ್ಲಿ ಅದರಲ್ಲಿ ಮಬ್ಬು ಕಟ್ಟಿ, ತಿರುಗುಯಂತ್ರಕ್ಕೆ ಹಾಕಿ ತೆಗೆದಾಗ ತಳದಲ್ಲಿ ಕಂದು ಗಸಿ ಕೂತಿತ್ತು. ಓದಿದ ಅಂಕಿ, ಕೋಶಗಳಿದ್ದ ಪ್ರಯೋಗದಲ್ಲಿ ಇಳಿದಿದ್ದಷ್ಟೇ ಬಹುತೇಕ ಇಳಿದಿತ್ತು. ಮೇಲಿನ ತಿಳಿಯನ್ನು ಬಫರ್‌ನಲ್ಲಿ ಹತ್ತು ಪಟ್ಟು ತೆಳುಗೊಳಿಸಿ ಓದಿದಾಗ ಸ್ವಲ್ಪ ಹೊಳಪು ಮರಳಿತು, ಆದರೆ ಪೂರ್ತಿಯಲ್ಲ. ಅಂದರೆ ಸ್ವಲ್ಪ ಬಣ್ಣದ ತಪ್ಪು, ಸ್ವಲ್ಪ ಗಸಿಯ ತಪ್ಪು. ಮಾರ್ಗದರ್ಶಕರಿಗೆ ತೋರಿಸಿದೆ. ಅವರು ಬಹಳ ಹೊತ್ತು ಆ ಗಸಿಯನ್ನೇ ನೋಡುತ್ತಿದ್ದರು.

ಈಗ ಹೊಸ ಪ್ರಶ್ನೆ. ಚೊಗರು ಇರುವಷ್ಟು ಹೊತ್ತು ಮೀಡಿಯಂ ಓದುವಂತಿಲ್ಲ, ಚೊಗರಿಲ್ಲದಿದ್ದರೆ ನನ್ನ ಪ್ರಯೋಗವೇ ಇಲ್ಲ. ಹೊರಬರುವ ಪ್ರೋಟೀನನ್ನು ಬಿಟ್ಟು ಕೋಶದೊಳಗೇ ಉಳಿಯುವುದಕ್ಕೆ ಮರಳಬೇಕೆ?

ಉತ್ತರ: ಕತ್ತಲಕೋಣೆ

ಮಧ್ಯೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆ ಇರಲಿ. ಮೀಡಿಯಂನಿಂದ ಓದಲು ಹೊಳೆಯುವ ಪ್ರೋಟೀನೇ ಏಕೆ ಬೇಕು ಎಂಬುದು ನನ್ನ ಮೂಲ ಪ್ರಶ್ನೆ. ಒಂದು ಹೊಳೆಯುವ ಅಣು ಒಂದೇ ಅಣುವಿನಷ್ಟು ಹೊಳೆಯುತ್ತದೆ. ಒಂದು ಕಿಣ್ವದ ಅಣುವಾದರೆ ನಿಮಿಷಕ್ಕೆ ಎಷ್ಟೋ ತಲಾಧಾರವನ್ನು (ಕಿಣ್ವ ಕೆಲಸ ಮಾಡುವ ವಸ್ತುವನ್ನು) ಬದಲಿಸಿ ಸಂಕೇತವನ್ನು ಹಿಗ್ಗಿಸುತ್ತದೆ. ಜೊತೆಗೆ ಹಸಿರು ಹೊಳಪಿಗೆ ಮೀಡಿಯಂ ತಾನೇ ಶತ್ರು: ಡಿಎಂಇಎಂ ಎಂಬ ಮೀಡಿಯಂನಲ್ಲಿ ಲೀಟರಿಗೆ 0.4 ಮಿಲಿಗ್ರಾಂ ರೈಬೋಫ್ಲಾವಿನ್ ಎಂಬ ಜೀವಸತ್ವ ಇದೆ, ಅದು ನೀಲಿ ಬೆಳಕಿಗೆ ಹಸಿರಾಗಿಯೇ ಹೊಳೆಯುತ್ತದೆ, ಸೀರಂನದು ಬೇರೆ. ನಿಮ್ಮ ದುರ್ಬಲ ಸಂಕೇತಗಳಲ್ಲಿ ಎಷ್ಟು ಪಾಲು ಜೀವಸತ್ವದ್ದೋ ಯಾರಿಗೆ ಗೊತ್ತು?

ಹೊರಸೂಸುವ ರಿಪೋರ್ಟರ್ (ಜೀನಿನ ಕೆಲಸವನ್ನು ಸೂಚಿಸುವ ಪ್ರೋಟೀನ್) ಎಂದರೆ ಹಳಬರಿಗೆ ನೆನಪಾಗುವುದು ಎಸ್‌ಇಎಪಿ, ಅಂದರೆ ಮನುಷ್ಯನ ಮಾಸುವಿನ ಕ್ಷಾರೀಯ ಫಾಸ್ಫಟೇಸನ್ನು ಕೋಶಪೊರೆಗೆ ಅಂಟದಂತೆ ಮೊಟಕುಗೊಳಿಸಿದ್ದು. ಮಾದರಿಯನ್ನು 65 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿದರೆ ಸೀರಂ ಮತ್ತು ಕೋಶಗಳ ಇತರ ಫಾಸ್ಫಟೇಸ್‌ಗಳು ಸಾಯುತ್ತವೆ, ಇದು ಸಾಯುವುದಿಲ್ಲ. ಆಮೇಲೆ ಪಿಎನ್‌ಪಿಪಿ ಎಂಬ ತಲಾಧಾರ ಹಾಕಿದರೆ ಹಳದಿ ಬಣ್ಣ ಬರುತ್ತದೆ, 405 ನ್ಯಾನೋಮೀಟರ್‌ನಲ್ಲಿ ಯಾವ ಬಡ ಕಾಲೇಜಿನ ಯಂತ್ರವೂ ಓದುತ್ತದೆ. ಸೂಕ್ಷ್ಮತೆ ಇನ್ನೂ ಬೇಕೆಂದರೆ ಗಾಸಿಯಾ ಪ್ರಿನ್ಸೆಪ್ಸ್ ಎಂಬ ಕಡಲ ಜೀವಿಯ ಲೂಸಿಫರೇಸ್, ಅಂದರೆ ಬೆಳಕು ಹೊಮ್ಮಿಸುವ ಕಿಣ್ವ, ಇದೆ. ಬರೀ 185 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್, ಸಹಜವಾಗಿಯೇ ಹೊರಸೂಸುವಂಥದು, ಅದಕ್ಕೆ ಹೊರಗಿನ ಬೆಳಕೇ ಬೇಡ.

ಉತ್ತರ: ಹಳೆಯ ಪಿಪೆಟ್

ಕತ್ತಲಕೋಣೆ ಅವರ ಮಾತು ಬೆಂಗಳೂರಿಗೆ ಸರಿ. ಗಾಸಿಯಾ ಲೂಸಿಫರೇಸ್‌ಗೆ ಬೇಕಾದ ಸೀಲೆಂಟರಝೈನ್ ಎಂಬ ತಲಾಧಾರ ಗಾಳಿಗೆ ತಾನಾಗಿಯೇ ಉತ್ಕರ್ಷಗೊಂಡು ಹಾಳಾಗುತ್ತದೆ. ಹಿಂದೊಮ್ಮೆ ಮಲೆನಾಡಿನ ಒಂದು ಪ್ರಯೋಗಾಲಯದಲ್ಲಿದ್ದಾಗ ಶುಷ್ಕ ಮಂಜುಗಡ್ಡೆಯಲ್ಲಿ ತರಿಸಿದ ಪೊಟ್ಟಣವೊಂದು ಘಾಟಿಯ ರಸ್ತೆ ಕುಸಿದು ಮೂರು ದಿನ ತಡವಾಗಿ ಬಂದು, ಬಿಚ್ಚಿದರೆ ಒಳಗೆ ಖಾಲಿ ಥರ್ಮೋಕೋಲ್ ಮತ್ತು ಬೆಚ್ಚಗಿನ ಸೀಸೆ ಮಾತ್ರ ಇದ್ದವು. ಅಲ್ಲದೆ ಅದರ ಬೆಳಕು ಮಿಂಚಿ ಮರೆಯಾಗುವಂಥದು. ತಲಾಧಾರವನ್ನು ಯಂತ್ರವೇ ಚಿಮ್ಮಿಸಿ ತಕ್ಷಣ ಓದುವ ವ್ಯವಸ್ಥೆ ಇಲ್ಲದಿದ್ದರೆ ಮೊದಲ ಗುಳಿಗೂ ಕೊನೆಯ ಗುಳಿಗೂ ತಾಳೆಯಾಗುವುದಿಲ್ಲ. ಎಸ್‌ಇಎಪಿ ಅಗ್ಗ, ಗಟ್ಟಿ, ನನಗೂ ಇಷ್ಟ. ಆದರೆ ಈ ಪ್ರಯೋಗದಲ್ಲಿ ಅದಕ್ಕೂ ಚೊಗರೇ ಅಡ್ಡ: 405 ನ್ಯಾನೋಮೀಟರ್‌ನಲ್ಲಿ ಕಂದು ಬಣ್ಣ ಇನ್ನೂ ಹೆಚ್ಚು ನುಂಗುತ್ತದೆ, ಟ್ಯಾನಿನ್ ಅಂಟಿದ ಕಿಣ್ವ ಕೆಲಸವನ್ನೇ ನಿಲ್ಲಿಸಬಹುದು. ಹೊಳೆಯುವ ಪ್ರೋಟೀನಿಗೆ ತಲಾಧಾರವೇ ಬೇಡ, ಓದಿದ ಮೇಲೂ ಮಾದರಿ ಹಾಗೇ ಉಳಿಯುತ್ತದೆ, ಅನುಮಾನ ಬಂದರೆ ನಾಳೆ ಮತ್ತೆ ಓದಬಹುದು.

ರೈಬೋಫ್ಲಾವಿನ್ ವಿಷಯದಲ್ಲಿ ಅವರು ಹೇಳಿದ್ದು ಅಕ್ಷರಶಃ ನಿಜ. ನಾನು ಕೆಂಪಿಗೆ ಹೋಗಿ ಎಂದದ್ದಕ್ಕೆ ಅದೂ ಒಂದು ಕಾರಣ. ಎಮ್‌ಚೆರ್ರಿಯನ್ನು 587ರಲ್ಲಿ ಕೆರಳಿಸಿ 610ರಲ್ಲಿ ಓದುವಾಗ ರೈಬೋಫ್ಲಾವಿನ್ ಸದ್ದಿಲ್ಲ, ಚೊಗರು ಕೂಡ ಅಲ್ಲಿ ನೀಲಿಯಷ್ಟು ನುಂಗುವುದಿಲ್ಲ. ಮೀಡಿಯಂನಲ್ಲಿರುವ ಫಿನಾಲ್ ರೆಡ್ ಎಂಬ ಬಣ್ಣ ಮಾತ್ರ 560ರ ಸುತ್ತ ನುಂಗುತ್ತದೆ, ಆದ್ದರಿಂದ ಫಿನಾಲ್ ರೆಡ್ ಇಲ್ಲದ ಮೀಡಿಯಂ ತರಿಸಿ.

ತುಂಗಾತೀರ ಅವರ ಪ್ರಶ್ನೆಗೆ: ಮರಳಬೇಕಿಲ್ಲ. ಹಿನ್ನೀರು ಅವರು ಹೇಳಿದ ಖಾಲಿ ಮಾಡುವ ದಾರಿಯೇ ನಿಮ್ಮ ಬಣ್ಣದ ಸಮಸ್ಯೆಗೂ ಉತ್ತರ, ನೀವು ಅದನ್ನು ಗಮನಿಸಿಲ್ಲ ಅಷ್ಟೇ. ಚೊಗರು ಮತ್ತು ಟಿಎನ್‌ಎಫ್ ಜೊತೆ ಕೋಶಗಳನ್ನು ಬೇಕಾದಷ್ಟು ಹೊತ್ತು ಇಡಿ. ಆಮೇಲೆ ಆ ಕಂದು ಮೀಡಿಯಂ ಎಲ್ಲವನ್ನೂ ತೆಗೆದು ಎರಡು ಬಾರಿ ತೊಳೆದು, ತಿಳಿ ಮೀಡಿಯಂ ಹಾಕಿ, ಮುಂದಿನ ಮೂರು ಗಂಟೆಯಲ್ಲಿ ಹೊರಬಂದದ್ದನ್ನು ಮಾತ್ರ ಓದಿ. ಕೋಶ ಆಗಲೇ ಬರೆದಿಟ್ಟ ಎಂಆರ್‌ಎನ್‌ಎ ಮತ್ತು ಹೊರಡಲು ಸಾಲಿನಲ್ಲಿ ನಿಂತ ಪ್ರೋಟೀನ್ ಎರಡೂ ಆ ತಿಳಿ ನೀರಿಗೇ ಬರುತ್ತವೆ. ಹೊರಸೂಸುವ ರಿಪೋರ್ಟರ್‌ನ ನಿಜವಾದ ಸೌಕರ್ಯ ನನ್ನ ಕಣ್ಣಿಗೆ ಇದೇ: ಕೆರಳಿಸುವ ನೀರೂ ಅಳೆಯುವ ನೀರೂ ಒಂದೇ ಆಗಿರಬೇಕಿಲ್ಲ.

ಎರಡು ಕಾವಲುಗಳನ್ನು ಮಾತ್ರ ಬಿಡಬೇಡಿ. ಒಂದು, ಯಾವಾಗಲೂ ಒಂದೇ ಸಮ ನಡೆಯುವ ಪ್ರೊಮೋಟರ್‌ನ ಮುಂದೆ ಅದೇ ಸಿಗ್ನಲ್ ಪೆಪ್ಟೈಡ್, ಅದೇ ಎಮ್‌ಚೆರ್ರಿ ಇರುವ ಕೋಶಗಳನ್ನು ಪಕ್ಕದಲ್ಲೇ ಸಾಕಿ. ಚೊಗರಿನಿಂದ ಅದೂ ಇಳಿದರೆ ಇಳಿದದ್ದು ನಿಮ್ಮ ಜೀನಲ್ಲ, ಕೋಶದ ಹೊರಸಾಗಣೆ ಅಥವಾ ಕೋಶವೇ. ಮೀಡಿಯಂನ ಅಂಕಿಗೆ ಜೀನಿನಿಂದ ಹಿಡಿದು ಹೊರಬಾಗಿಲವರೆಗಿನ ಇಡೀ ದಾರಿ ಸೇರಿರುತ್ತದೆ ಎಂಬುದನ್ನು ಮರೆತು ಬರೆದ ಪ್ರಬಂಧಗಳನ್ನು ನಾನು ಸಾಕಷ್ಟು ತಿದ್ದಿದ್ದೇನೆ. ಹೊರಗೆ ಬರುತ್ತಿರುವುದು ಸೋರಿಕೆಯಲ್ಲ, ನಿಜವಾದ ಸ್ರವಿಕೆ ಎಂದು ಖಚಿತಪಡಿಸಿಕೊಳ್ಳಲು ಒಂದು ಗುಳಿಗೆ ಬ್ರೆಫೆಲ್ಡಿನ್ ಎ ಹಾಕಿ; ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂನಿಂದ ಗಾಲ್ಗಿಗೆ ಹೋಗುವ ದಾರಿಯನ್ನು ಅದು ಮುಚ್ಚುತ್ತದೆ, ಆಗ ಹೊರಗಿನ ಹೊಳಪು ನಿಲ್ಲಬೇಕು. ನಿಲ್ಲದಿದ್ದರೆ ಸತ್ತ ಕೋಶಗಳು ಒಡೆದು ಸುರಿಸುತ್ತಿವೆ ಎಂದರ್ಥ. ಎರಡನೆಯ ಕಾವಲು ಎಂಆರ್‌ಎನ್‌ಎ: ಒಂದೆರಡು ಹೊತ್ತಿನಲ್ಲಾದರೂ ಕೋಶಗಳನ್ನು ಒಡೆದು ಕ್ಯೂಪಿಸಿಆರ್ ಎಂಬ ವಿಧಾನದಿಂದ ಅದನ್ನು ಅಳೆದು, ಪ್ರೋಟೀನ್ ಹೇಳುವ ಕಥೆಯನ್ನು ಎಂಆರ್‌ಎನ್‌ಎ ಒಪ್ಪುತ್ತದೆಯೇ ನೋಡಿ.

ಉತ್ತರ: ಹಿನ್ನೀರು

ಒಂದು ಸಣ್ಣ ಸೇರ್ಪಡೆ. ಮೂರು ಗಂಟೆಯ ಕಿಟಕಿಯಲ್ಲಿ ಬರುವ ಸಂಕೇತ ಮೂರು ದಿನ ಕೂಡಿಟ್ಟದ್ದಕ್ಕಿಂತ ಬಹಳ ಕಡಿಮೆ ಇರುತ್ತದೆ, ಹೆದರಬೇಡಿ. ಗುಳಿಗೆ 1 ಮಿಲಿಲೀಟರ್ ಬದಲು 300 ಮೈಕ್ರೋಲೀಟರ್ ಹಾಕಿದರೆ ಅದೇ ಪ್ರೋಟೀನ್ ಮೂರು ಪಟ್ಟು ಗಾಢವಾಗಿ ಸಿಗುತ್ತದೆ. ರಿಪೋರ್ಟರ್ ಇಲ್ಲದ ಸಾದಾ ಎಚ್‌ಇಕೆ ಕೋಶಗಳ ಮೀಡಿಯಂ ಅನ್ನು ಪ್ರತಿ ತಟ್ಟೆಯಲ್ಲೂ ಇಟ್ಟು, ಅದರ ಅಂಕಿಯನ್ನು ಕಳೆಯಿರಿ. ಕೋಶ ಕಾಣದ ಹೊಸ ಮೀಡಿಯಂ ಅನ್ನು ಕಳೆದರೆ ಸಾಲದು. ಮಾದರಿಗಳನ್ನು ಕೂಡಿಟ್ಟು ಒಮ್ಮೆಲೇ ಓದುವುದಾದರೆ ಫ್ರೀಜರನ್ನು ನಂಬಬೇಡಿ. ನಮ್ಮ ಕಡೆ ಜುಲೈನಲ್ಲಿ ಮರ ಬಿದ್ದು ಕರೆಂಟು ಹೋದರೆ ಎರಡು ದಿನ ಬಾರದೆ ಇರುವುದುಂಟು. ಕರಗಿ ಮತ್ತೆ ಹೆಪ್ಪುಗಟ್ಟಿದ ಮಾದರಿಗಳ ಅಂಕಿಯನ್ನು ಹೊಸ ಮಾದರಿಗಳ ಪಕ್ಕದಲ್ಲಿ ಬರೆಯುವುದು ಸರಿಯಲ್ಲ. ಅಂದಂದಿನದನ್ನು ಅಂದೇ ಓದಿ. ಸೂಕ್ಷ್ಮದರ್ಶಕದ ಮಸೂರಗಳನ್ನೂ ಒಮ್ಮೆ ನೋಡಿಕೊಳ್ಳಿ, ಮಳೆಗಾಲದಲ್ಲಿ ಅವುಗಳಿಗೆ ಹತ್ತುವ ಬೂಷ್ಟು ಹಸಿರನ್ನು ಮಂಕಾಗಿಸುತ್ತದೆ.

ತುಂಗಾತೀರ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಎಮ್‌ಚೆರ್ರಿಯ ಕೋಶಗಳನ್ನು ಸಿದ್ಧಪಡಿಸಲು ಎರಡು ತಿಂಗಳಾಯಿತು. ತೊಳೆದು, ತಿಳಿ ಮೀಡಿಯಂನಲ್ಲಿ ಮೂರು ಗಂಟೆಯ ಕಿಟಕಿಗಳಲ್ಲಿ ಸಂಗ್ರಹಿಸಿ ಓದಿದಾಗ ಬಂದ ರೇಖೆಯೇ ಬೇರೆ. ಟಿಎನ್‌ಎಫ್ ಹಾಕಿದ ಗುಳಿಗಳಲ್ಲಿ ಸ್ರವಿಕೆ ಮೊದಲ ದಿನದೊಳಗೇ ಏರಿ, ಎರಡನೆಯ ದಿನಕ್ಕೆ ಸ್ಪಷ್ಟವಾಗಿ ಇಳಿಯಿತು; ಮೊದಲು ಮೂರು ದಿನ ಏರುತ್ತಿದ್ದದ್ದು ಹಿನ್ನೀರು ಅವರು ಹೇಳಿದಂತೆ ಬರೀ ಮಟ್ಟವಾಗಿತ್ತು. ಬ್ರೆಫೆಲ್ಡಿನ್ ಹಾಕಿದ ಗುಳಿಯ ಮೀಡಿಯಂ ಖಾಲಿ, ಕೋಶಗಳು ಮಾತ್ರ ಒಳಗೆ ಕೆಂಪಗೆ ಉಬ್ಬಿದ್ದವು.

ಚೊಗರಿನ ಫಲಿತಾಂಶ ಹೇಳಲೇಬೇಕು. ಕಡಿಮೆ ಮತ್ತು ಮಧ್ಯಮ ಪ್ರಮಾಣದಲ್ಲಿ ಚೊಗರು ಹಾಕಿದ್ದಕ್ಕೂ ಹಾಕದ್ದಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ. ಅತಿ ಹೆಚ್ಚು ಪ್ರಮಾಣದಲ್ಲಿ ಹೊಳಪು ಇಳಿಯಿತು, ಆದರೆ ಪಕ್ಕದಲ್ಲಿದ್ದ ಒಂದೇ ಸಮದ ಪ್ರೊಮೋಟರ್‌ನ ಕೋಶಗಳಲ್ಲೂ ಅಷ್ಟೇ ಇಳಿಯಿತು, ಕೋಶಗಳ ಎಣಿಕೆಯೂ ಕಡಿಮೆ ಬಂತು. ಕ್ಯೂಪಿಸಿಆರ್ ಕೂಡ ಅದನ್ನೇ ಹೇಳಿತು. ಚೊಗರು ಜೀನನ್ನು ತಗ್ಗಿಸುತ್ತದೆ ಎಂದು ಬರೆದಿಟ್ಟಿದ್ದ ಸಾರಾಂಶವನ್ನು ಮಾರ್ಗದರ್ಶಕರು ತಾವೇ ಹಿಂದಕ್ಕೆ ತೆಗೆದುಕೊಂಡರು. ಆ ಎರಡು ನಳಿಕೆಗಳನ್ನು ಅವರು ಬಿಸಾಡಲು ಬಿಡಲಿಲ್ಲ. ನೀರಿನದೂ ಚೊಗರಿನದೂ ಅಕ್ಕಪಕ್ಕ, ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆ ತೋರಿಸಲೆಂದು ಅವರ ಮೇಜಿನ ಮೇಲೆ ನಿಂತಿವೆ.

ಇನ್ನೊಂದು ವಿಷಯ ಮಾತ್ರ ಉಳಿದಿದೆ. ನಾನು ಬಳಸಿದ್ದು ಕಳೆದ ಕೊಯ್ಲಿನ, ಹತ್ತಾರು ಬಾರಿ ಕುದಿದು ಗಟ್ಟಿಯಾದ ಹಳೆಯ ಚೊಗರು. ದೀಪಾವಳಿಯ ಹೊತ್ತಿಗೆ ಮನೆಯಲ್ಲಿ ಮೊದಲ ಹಂಡೆ ಇಡುತ್ತಾರೆ. ಆ ಮೊದಲ ಬೇಯಿಕೆಯ ತೆಳು ನೀರಿನಿಂದ ಇದೇ ಪ್ರಯೋಗವನ್ನು ಮತ್ತೊಮ್ಮೆ ಮಾಡಿ, ಅಂಕಿಗಳನ್ನು ಇಲ್ಲಿಯೇ ಹಾಕುತ್ತೇನೆ.